ಮಿಂದ್ಲಾಳ ಹೆಸರು

ಹೈಫಾ, ಫೆಬ್ರವರಿ 1959

ಪ್ರೀತಿಯ ಜೆಲಿಗ್,

ಹೇಗಿದ್ದೀಯಾ ಮಗನೇ? ಕೊಲೆಟ್ ಹೇಗಿದ್ದಾಳೆ? ಬೆಳಗಿನ ವಾಂತಿ ನಿಂತಿತೇ, ಊಟ ಸೇರುತ್ತದೆಯೇ? ಪ್ಯಾರಿಸ್ಸಿನಲ್ಲಿ ಬಸುರಿಯರಿಗೂ ಕಪ್ಪು ಕಾಫಿ ಕುಡಿಸುತ್ತಾರೆಂದು ಕೇಳಿದ್ದೇನೆ. ಅವಳಿಗೆ ಕೋಳಿ ಸೂಪು ಮಾಡಿಕೊಡು. ಬಹುಮಾನ ಬಂದ ಲೇಖಕ ಒಂದು ಕೋಳಿ ಬೇಯಿಸಿದರೆ ಮರ್ಯಾದೆಯೇನೂ ಹೋಗುವುದಿಲ್ಲ. ನೀನೂ ಕುತ್ತಿಗೆಗೆ ಮಫ್ಲರು ಸುತ್ತಿಕೋ. ಪತ್ರಿಕೆಯ ಫೋಟೋದಲ್ಲಿ ಕಾಲರ್ ತೆರೆದುಕೊಂಡು ಚಳಿಯಲ್ಲಿ ನಿಂತಿದ್ದೀಯ. ಯಾರಿಗೆ ತೋರಿಸುವುದಕ್ಕೆ?

ನಿನ್ನ ಪುಸ್ತಕ ಓದಿದೆ. ಯಾರೋ ಪುಣ್ಯಾತ್ಮರು ಅದನ್ನು ನಮ್ಮ ಯಿದ್ದಿಷ್ ಭಾಷೆಗೂ ತಂದಿದ್ದಾರೆ, ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಹೊಟ್ಟೆಯ ಪರೀಕ್ಷೆಗೆಂದು ಹೋದ ತಿಂಗಳು ಆಸ್ಪತ್ರೆಯಲ್ಲಿ ಮಲಗಿಸಿಕೊಂಡಿದ್ದರು, ಅಲ್ಲಿ ಬೇರೇನು ಕೆಲಸ? ಹಾಸಿಗೆ ಸರಿಪಡಿಸಲು ಬಂದ ನರ್ಸು ಪುಸ್ತಕ ನೋಡಿ ಕಣ್ಣು ಒರೆಸಿಕೊಂಡಳು. "ಅಜ್ಜೀ, ಇದನ್ನ ಓದಿದ್ಮೇಲೆ ನಂಗೆ ನಿದ್ದೇನೇ ಬರ್ಲಿಲ್ಲ" ಎಂದಳು. "ನಂಗೆ ಚೆನ್ನಾಗೇ ಬಂತು ಕಣಮ್ಮ, ಎರಡನೇ ಪುಟಕ್ಕೇ" ಎಂದೆ. ಪಾಪ, ಒಳ್ಳೆಯ ಹುಡುಗಿ. ಆಮೇಲೆ ನನಗೆ ಸೂಜಿ ಚುಚ್ಚುವಾಗ ಸ್ವಲ್ಪ ಜೋರಾಗಿಯೇ ಚುಚ್ಚಿದಳು.

ನಿನ್ನ ಕಥೆಯ ತಾಯಿಗೆ ಹೆಸರೇ ಇಲ್ಲ. ಬರೀ "ತಾಯಿ". ಅವಳು ಯುದ್ಧ ಮುಗಿಯುವವರೆಗೂ ತೂತು ಬಿದ್ದ ಒಂದು ಖಾಲಿ ತಗಡಿನ ಪಾತ್ರೆಯನ್ನು ಎದೆಗವಚಿಕೊಂಡು ತಿರುಗುತ್ತಾಳೆ. ಎರಡು ವರ್ಷದ ಮಗು ಬೇಲಿಯ ಬುಡದಲ್ಲಿ ಹಿಮದ ಮೇಲೆ ಸಾಯುತ್ತದೆ, ತಾಯಿ ಆ ಪಾತ್ರೆಯನ್ನು ಅದರ ಮುಖದ ಮೇಲೆ ಕವುಚುತ್ತಾಳೆ. ಮೇಲೊಂದು ಕಾಗೆ ಬೇರೆ. ಎಷ್ಟು ಚೆಂದ! ಇಷ್ಟು ಅಚ್ಚುಕಟ್ಟಾಗಿ ಸಾಯುವ ಮಗುವನ್ನು ನಾನು ಎಲ್ಲೂ ನೋಡಿಲ್ಲ, ಸಾಯುವ ಮಕ್ಕಳನ್ನೇನೋ ಬೇಕಾದಷ್ಟು ನೋಡಿದ್ದೇನೆ.

ನಮ್ಮ ಓದುಗರ ಸಂಘದವರು ಜೆರುಸಲೇಮಿನಿಂದ ಒಬ್ಬ ಡಾಕ್ಟರೇಟಿನವನನ್ನು ಕರೆಸಿದ್ದರು. ನಿನ್ನ ಪುಸ್ತಕದಲ್ಲಿ ತಾಯ್ತನ, ನಷ್ಟ ಮತ್ತು ಸಂಕೇತ ಎಂದು ಭಾಷಣ. ಖಾಲಿ ಪಾತ್ರೆ ಎಂದರೆ ಬರಿದಾದ ಗರ್ಭವಂತೆ. ಅದರ ತೂತು ದೇವರ ಮೌನವಂತೆ. ಮುಂದಿನ ಸಾಲಿನ ಹೆಂಗಸರೆಲ್ಲ ತಲೆದೂಗುತ್ತಿದ್ದರು, ಅರ್ಥವಾದವರಂತೆ. ನಾನು ಎದ್ದು ನಿಂತು, "ಸ್ವಾಮಿ, ಆ ಪಾತ್ರೆ ಸೂಪು ಹಾಕಿಸ್ಕೊಳ್ಳೋಕೆ. ಪಾತ್ರೆ ಇಲ್ದಿದ್ರೆ ಸೂಪು ಇಲ್ಲ. ತೂತು ಇದ್ದಿದ್ರೆ ಸೋರ್ತಿತ್ತು" ಎಂದೆ. ಅವನು ಮಕ್ಕಳಿಗೆ ನಗುವ ಹಾಗೆ ನಕ್ಕು, "ಅಮ್ಮಾ, ನೀವು ಮೇಲ್ನೋಟಕ್ಕೆ ಓದಿದೀರಿ" ಎಂದ. ಮೇಲ್ನೋಟವಂತೆ! ಆ ಪಾತ್ರೆಯ ತಳವನ್ನು ದಿನವೂ ನೆಕ್ಕಿದವಳು ನಾನು, ಅರ್ಧ ಪಾಲು ನಿನಗೆ ಕೊಟ್ಟ ಮೇಲೆ. ನೀನು ಬದುಕಿ ಪುಸ್ತಕ ಬರೆದದ್ದೇ ಆ ಸೂಪಿನಿಂದ, ದಡ್ಡ ಮುಂಡೇದೇ, ಅಷ್ಟಾದರೂ ಬರೆಯಬಾರದಿತ್ತೇ?

ಅಲ್ಲಿಗೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆ. ಮಾರನೆಯ ದಿನ ಮೇಲಿನ ಮನೆಯ ಪೆಪಾ ಬಾಗಿಲು ತಟ್ಟಿದಳು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಬೇಯಿಸಿದ ಮೊಟ್ಟೆ, ಸಾವಿನ ಮನೆಗೆ ತರುವ ಹಾಗೆ. "ಬ್ರೈನಾ, ಇಷ್ಟ್ ವರ್ಷ ಎದೇಲೇ ಇಟ್ಕೊಂಡಿದ್ಯಲ್ಲೇ. ಮಗಳು ಹೋದ್ಲು ಅಂತ ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದು ನನ್ನ ಹೆಗಲ ಮೇಲೆ ಅತ್ತಳು. ಪುಸ್ತಕದಲ್ಲಿ ಅಚ್ಚಾದ ಮೇಲೆ ನಿಜವೇ ಇರಬೇಕು ಎಂಬ ನಂಬಿಕೆ ಆ ಪ್ರಾಣಿಗೆ. ನಾನು ಮೊಟ್ಟೆಗಳನ್ನು ಇಸಿದುಕೊಂಡು ಅವಳೆದುರೇ ಈರುಳ್ಳಿ ಹಾಕಿ ಹೆಚ್ಚಿ, ಉಪ್ಪು ಬೆರೆಸಿ, "ಬಾ, ಊಟ ಮಾಡೋಣ, ನಮ್ಮನೇಲಿ ಯಾರೂ ಸತ್ತಿಲ್ಲ" ಎಂದೆ. ಅವಳು ಹೆದರಿ ಬಟ್ಟಲನ್ನೂ ಬಿಟ್ಟು ಓಡಿದಳು. ಈಗ ಕಟ್ಟಡದಲ್ಲೆಲ್ಲ ನನಗೆ ತಲೆ ಕೆಟ್ಟಿದೆ ಎಂದು ಸುದ್ದಿ. ಅದಕ್ಕೂ ನಿನಗೊಂದು ಬಹುಮಾನ ಕೊಡಬೇಕು.

ನಡೆದದ್ದು ನಿನಗೆ ಗೊತ್ತು, ಪಕ್ಕದಲ್ಲೇ ಇದ್ದೆ, ಒಂಬತ್ತು ವರ್ಷದವನು. ಯಹೂದಿಗಳನ್ನೆಲ್ಲ ಕೂಡಿಹಾಕಿದ್ದ ತಾರ್ನೂಫಿನ ಘೆಟ್ಟೋದ ಬೇಲಿಯೊಳಗಿದ್ದೆವು. ಕಾವಲಿನವರ ಬಟ್ಟೆ ಒಗೆಯುವ ಸ್ತೆಫಾನಿಯಾ ಬುಟ್ಟಿ ತಂದಿದ್ದಳು. ನಿನ್ನ ತಂಗಿ ಮಿಂದ್ಲಾಳನ್ನು ಅದರಲ್ಲಿ ಮಲಗಿಸಿ ಮೇಲೆ ಅವರ ಮಾಸಿದ ಅಂಗಿಗಳನ್ನು ಹೊದಿಸಿದೆ. ಹಿಮ ಎಲ್ಲಿಯದು, ಜೂನ್ ತಿಂಗಳ ಸೆಕೆ. ಗೇಟಿನ ಹತ್ತಿರ ಮಗು ಸೀನಿತು. ಸ್ತೆಫಾನಿಯಾ ತಾನೇ ಸೀನಿದವಳಂತೆ ಮೂಗು ಒರೆಸಿಕೊಂಡು ಕಾವಲಿನವನ ಮುಂದೆಯೇ ನಡೆದುಹೋದಳು. ಈ ಸೀನು ನಿನ್ನ ಪುಸ್ತಕದಲ್ಲಿ ಎಲ್ಲಿದೆ? ಸೀನಿಗೆ ಸಂಕೇತ ಹಚ್ಚಲು ಬರುವುದಿಲ್ಲವೆಂದು ಬಿಟ್ಟೆಯೇನು? ಯುದ್ಧ ಮುಗಿದು ನಾವಿಬ್ಬರೂ ಅವಳ ಮನೆಗೆ ಹೋದೆವು. ಬೇರೆಯವರು ಇದ್ದರು. ಎದುರು ಮನೆಯ ಮುದುಕಿ ಕಿಟಕಿಯಿಂದಲೇ, "ಸ್ತೆಫಾನಿಯಾನಾ? ಒಂದ್ ಹೆಣ್ಮಗೂನ ಕೈ ಹಿಡ್ಕೊಂಡು ಪಶ್ಚಿಮದ ರೈಲು ಹತ್ತಿದ್ಲಲ್ಲ" ಎಂದಳು. ಆಗ ನೀನು ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಚುಕಿದ್ದೆ! ಆಮೇಲೆ ಸುಳಿವು ಸಿಗಲಿಲ್ಲ, ಒಪ್ಪಿದೆ. ಸುಳಿವು ಸಿಗದಿದ್ದರೆ ಸತ್ತಂತೆಯೇ? "ಅಮ್ಮಾ, ಕಥೆಗೊಂದು ಮುಕ್ತಾಯ ಬೇಕಲ್ಲ" ಎಂದು ನೀನು ಫೋನಿನಲ್ಲಿ ಹೇಳಿದೆ. ನನಗೆ ಬೇಡ. ಮುಕ್ತಾಯ ಬೇಕಾದದ್ದು ನಿನಗೆ, ನಿನ್ನ ಪ್ರಕಾಶಕನಿಗೆ, ಮುಂದಿನ ಸಾಲಿನ ಹೆಂಗಸರಿಗೆ.

ಈಗ ನೀನು ಕೇಳಿದ ಮಾತಿಗೆ ಬರುತ್ತೇನೆ. ಹೆಣ್ಣು ಹುಟ್ಟಿದರೆ ಮಿಂದ್ಲಾ ಎಂದು ಹೆಸರಿಡುತ್ತೇನೆ, ಅಪ್ಪಣೆ ಕೊಡು ಎಂದಿದ್ದೀಯ. ತಂಗಿಯ ಹೆಸರಾದರೂ ಉಳಿಯಲಿ ಎಂದಿದ್ದೀಯ. ಕೊಲೆಟ್‌ಗೆ ನಮ್ಮ ಪದ್ಧತಿ ತಿಳಿಯದಿರಬಹುದು, ನಿನಗೆ ತಿಳಿಯದೇ? ನಮ್ಮಲ್ಲಿ ಸತ್ತವರ ಹೆಸರನ್ನು ಕೂಸಿಗಿಡುತ್ತೇವೆ, ಬದುಕಿರುವವರದ್ದನ್ನು ಎಂದೂ ಇಡುವುದಿಲ್ಲ. ಕಾಗದದ ಮೇಲೆ ಕೊಂದದ್ದು ಸಾಲದೆಂದು ಈಗ ಹೆಸರಿಡುವ ದಿನ ಪ್ರಾರ್ಥನಾ ಮಂದಿರದಲ್ಲಿ, ಹತ್ತು ಜನರ ಮುಂದೆ, ಅವಳು ಸತ್ತಳೆಂದು ಕೂಗಿಸಬೇಕೇ? ಸ್ತೆಫಾನಿಯಾ ಅವಳನ್ನು ಮಾರಿಶಾ ಎಂದೋ ಹಲೀನಾ ಎಂದೋ ಕರೆದು ಬೆಳೆಸಿರುತ್ತಾಳೆ. ನಮ್ಮ ಕಡೆಯದೆಂದು ಅವಳಿಗಿರುವುದು ಮಿಂದ್ಲಾ ಎಂಬ ಅದೊಂದೇ ಹೆಸರು. ವಾರಕ್ಕೊಮ್ಮೆ ರೇಡಿಯೋದಲ್ಲಿ, ಕಾಣೆಯಾದವರನ್ನು ಹುಡುಕುವ ಹೊತ್ತಿನಲ್ಲಿ, ಅದನ್ನು ಓದುತ್ತಾರೆ. ನಾನು ಒಲೆ ಆರಿಸಿ ಕೇಳುತ್ತೇನೆ. ನಾಳೆ ಅವಳು ನಿನ್ನ ಬಾಗಿಲಿಗೇ ಬಂದು ನಿಂತರೆ ತೊಟ್ಟಿಲಲ್ಲಿರುವ ಕೂಸನ್ನು ಏನೆಂದು ತೋರಿಸುತ್ತೀಯ? ನಿನ್ನ ಜಾಗ ತುಂಬಿಯಾಯಿತು, ಹೋಗಮ್ಮಾ ಎನ್ನುತ್ತೀಯಾ?

ಕೋಪದಲ್ಲಿ ಬರೆದೆ, ಕೋಪ ಇದೆ. ನಿನ್ನ ಮೇಲೆ ಅಕ್ಕರೆಯೂ ಇದೆ. ನಿನಗೆ ಬರೆಯಲು ಬರುತ್ತದೆ, ಅದು ಸುಳ್ಳಲ್ಲ. ಕಾಗೆಯ ರೆಕ್ಕೆಯ ಬಗ್ಗೆ ಬರೆದದ್ದನ್ನು ನಾನೇ ಎರಡು ಸಲ ಓದಿದೆ. ಕೊಲೆಟ್‌ಳ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಸುಖವಾಗಿ ಹೆರಲಿ, ನಿಮ್ಮ ಮನೆ ಮಕ್ಕಳ ಗಲಾಟೆಯಿಂದ ತುಂಬಲಿ.

ನಿನ್ನ ಅಮ್ಮ,
ಬ್ರೈನಾ

ಮರೆತಿದ್ದೆ: ಅಂಚೆಯವನು ಕೆಳಗೆ ಬಂದಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಹೊಟ್ಟೆಯ ಪರೀಕ್ಷೆಯ ಫಲಿತಾಂಶ ಬಂತು. ಏಪ್ರಿಲ್ಲಿನ ಪೆಸಾಹ್ ಹಬ್ಬ ಕಾಣುವುದೇ ಕಷ್ಟ ಎನ್ನುತ್ತಾರೆ ಡಾಕ್ಟರು. ಕೊಲೆಟ್‌ಗೆ ದಿನ ತುಂಬುವುದು ಜೂನಿನಲ್ಲಿ. ಹೆಣ್ಣಾದರೆ ಬ್ರೈನಾ ಎಂದಿಡು, ಅಷ್ಟರಲ್ಲಿ ಆ ಹೆಸರು ತೆರವಾಗಿರುತ್ತದೆ. ಮಿಂದ್ಲಾ ಎಂಬುದನ್ನು ಮುಟ್ಟಬೇಡ. ಅವಳು ಬಂದಾಗ ಅವಳಿಗೆ ಬೇಕಾಗುತ್ತದೆ.