ಮೆಟ್ಟಿಲುದಾರಿಯ ದೀಪಗಳು

ಮೆಟ್ಟಿಲುದಾರಿಯ ಮನೆ,
ಮಾರ್ಚ್ ೧೪, ಗುರುವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಸೊಂಟದ ನೋವು ಹೇಗಿದೆ? ಹೊಸ ವೀಕ್ಷಣಾಲಯದ ಚಳಿಯಲ್ಲಿ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು ದೂರದರ್ಶಕಕ್ಕೆ ಕಣ್ಣಿಡುವಾಗ ಬೆನ್ನಿಗೆ ಕಂಬಳಿ ಸುತ್ತಿಕೊಳ್ಳುತ್ತೀರಿ ತಾನೆ? ಅಮ್ಮ ಕ್ಷೇಮವೆಂದು ಬರೆದರೆ ಸುಳ್ಳಾಗುತ್ತದೆ. ಕಳೆದ ವಾರ ಸಂಜೆ ಗಿರಣಿಯಿಂದ ಬರುವಾಗ ಮೆಟ್ಟಿಲುದಾರಿಯಲ್ಲಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾರೆ. ಆರು ವಾರ ಪಟ್ಟಿ. ಗಾಬರಿಯಾಗಬೇಡಿ, ನನ್ನನ್ನು ಗದರಿಸಲು ಎಡಗೈಯೇ ಸಾಕಾಗುತ್ತಿದೆ.

ಬಿದ್ದದ್ದು ನನ್ನ ದೀಪಗಳ ಕೆಳಗೆ. ನೂರಾ ಹದಿನೆಂಟು ಮೆಟ್ಟಿಲು, ಹನ್ನೆರಡು ದೀಪ. ನಗರಸಭೆಯಲ್ಲಿ ಎಂಜಿನಿಯರಾಗಿ ನಾನು ಬರೆದ ಮೊದಲ ನಕ್ಷೆ. ಅವಕ್ಕೆ ಮುಚ್ಚಳವಿರಲಿ, ಬೆಳಕು ನೆಲಕ್ಕಷ್ಟೇ ಬೀಳಲಿ ಎಂದು ನೀವು ಮೂರು ಬಾರಿ ಹೇಳಿದಿರಿ. "ನಿಮ್ಮ ನಕ್ಷತ್ರಗಳಿಗೋಸ್ಕರ ಗಿರಣಿ ಹೆಂಗಸರು ಕತ್ತಲಲ್ಲಿ ಓಡಾಡ್ಬೇಕಾ?" ಎಂದು ಕೇಳಿದೆ. ಪ್ರತಿ ವರ್ಷವೂ ತರಗತಿಗೆ ಮೊದಲಿಗಳಾದವಳು ನಾನು. ಹಿಡಿದ ಮೊಲಕ್ಕೆ ಮೂರೇ ಕಾಲು. ದೀಪ ಹತ್ತಿದ ತಿಂಗಳೊಳಗೆ ಇಲ್ಲಿನ ಗುಡ್ಡದ ಮೇಲಿನ ನಿಮ್ಮ ಹಳೆಯ ವೀಕ್ಷಣಾಲಯದ ಆಕಾಶ ಬೂದಿಬಣ್ಣಕ್ಕೆ ತಿರುಗಿತು. ನೀವು ವರ್ಗಾವಣೆ ಪಡೆದು ಹೊರಟಿರಿ.

ಪ್ರತಿ ಮೆಟ್ಟಿಲ ಮೇಲೂ ಮಾಪಕವಿಟ್ಟು ಬೆಳಕನ್ನು ಅಳೆದಿದ್ದೆ, ಅಪ್ಪಾ. ಎಲ್ಲ ಅಂಕಿಯೂ ನಿಯಮಕ್ಕಿಂತ ಹೆಚ್ಚೇ ಇತ್ತು. ಆದರೆ ಅಳೆಯುವಷ್ಟು ಹೊತ್ತೂ ಬಗ್ಗಿ ಮಾಪಕವನ್ನೇ ನೋಡುತ್ತಿದ್ದೆ. ಕತ್ತಲಾಗುವ ಮೊದಲೇ ಕಚೇರಿಯಿಂದ ಮನೆ ಸೇರುವವಳು, ದೀಪ ಉರಿಯುವಾಗ ತಲೆಯೆತ್ತಿ ಆ ದಾರಿಯನ್ನು ಒಮ್ಮೆಯೂ ಹತ್ತಿರಲಿಲ್ಲ. ಅಮ್ಮ ಬಿದ್ದ ಮರುದಿನ ರಾತ್ರಿ ಹತ್ತಿದೆ. ದೀಪ ನೇರ ಕಣ್ಣಿಗೆ ಹೊಡೆಯುತ್ತದೆ, ಅದರ ಬುಡದ ಮೆಟ್ಟಿಲಿನ ಅಂಚೇ ಕಾಣುವುದಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಪೂರ್ತಿ ಅಂಕ ಪಡೆದವಳು ನಾನು. "ಕತ್ತಲಿದ್ದಿದ್ರೆ ತಡವಿಕೊಂಡಾದ್ರೂ ಬರ್ತಿದ್ದೆ ಕಣೇ, ಬೆಳಕೇ ಕಣ್ಣು ಕಟ್ಟಿಬಿಡ್ತು" ಎಂದರು ಅಮ್ಮ. ಮುಚ್ಚಳದ ಜೊತೆಗೆ, ಗಿರಣಿಯ ಕೊನೆಯ ಪಾಳಿ ಮುಗಿದ ಮೇಲೆ ದೀಪ ತಗ್ಗಿಸಬೇಕೆಂದೂ ನೀವು ಆಗ ಹೇಳಿದ್ದಿರಿ, ಅದನ್ನು ಈಗ ಒಪ್ಪುತ್ತೇನೆ. ನಡುರಾತ್ರಿಯ ಮೇಲೆ ಪೂರ್ತಿ ಆರಿಸಿಬಿಡಬೇಕೆಂದದ್ದನ್ನು ಮಾತ್ರ ಒಪ್ಪಲಾರೆ. ಆ ಹೊತ್ತಿನಲ್ಲೂ ಆಸ್ಪತ್ರೆಯ ದಾದಿಯೊಬ್ಬರು ಅಲ್ಲಿ ಇಳಿಯುತ್ತಾರೆ.

ಅಪಘಾತದ ವರದಿ ಬರೆಯುವ ಹೊಣೆಯೂ ನನ್ನ ಪಾಲಿಗೇ ಬಂತು. "ಮೆಟ್ಟಿಲು ಜಾರ್ತಿತ್ತು ಅಂತ ಬರೆದುಬಿಡಮ್ಮ. ಕೆಲಸ ಖಾಯಂ ಆಗೋ ಹೊತ್ತಲ್ಲಿ ಯಾಕೆ ರಗಳೆ?" ಎಂದರು ಮೇಲಧಿಕಾರಿ. ಎರಡು ದಿನ ಆ ಸಾಲನ್ನು ಬರೆಯುವುದು, ಹೊಡೆದುಹಾಕುವುದು. ಸೋಮವಾರ, ನಕ್ಷೆ ನನ್ನದು, ದೋಷವೂ ನನ್ನದು ಎಂದು ಬರೆದು ಸಹಿ ಹಾಕಿದೆ. ಇಂದು ಉತ್ತರ ಬಂತು: ಖಾಯಮಾತಿ ಒಂದು ವರ್ಷ ಮುಂದಕ್ಕೆ; ದೀಪಗಳಿಗೆ ತಗಡಿನ ಮುಚ್ಚಳ ಮಂಜೂರು. "ಜನಕ್ಕೆ ಟೋಪಿ ಹಾಕೋರ್ನ ನೋಡಿದ್ದೆ, ದೀಪಕ್ಕೆ ಹಾಕೋರು ನೀವೇ ಮೊದಲು ಮೇಡಂ" ಎಂದು ಲೈನ್‌ಮನ್ ಅಣ್ಣ ನಗಿಸಲು ನೋಡಿದರು. ನನಗೆ ನಗಲಾಗಲಿಲ್ಲ.

ಔಷಧಿ ತಪ್ಪಿಸಬೇಡಿ. ಅಮ್ಮ ನಿಮ್ಮನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ.

ನಮಸ್ಕಾರಗಳೊಂದಿಗೆ,
ನಿಮ್ಮ ಮಗಳು

ಪುನಶ್ಚ: ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಶನಿವಾರ ಸಂಜೆ ಮುಚ್ಚಳ ಹಾಕಿದ ದೀಪಗಳನ್ನು ಹತ್ತಿಸುತ್ತೇವೆ. ಮೆಟ್ಟಿಲುಗಳನ್ನು ನಾನು ಹತ್ತಿ ನೋಡುತ್ತೇನೆ. ಗುಡ್ಡದ ಮೇಲೆ ನಿಂತು ಆಕಾಶ ನೋಡಿ ಸರಿಯೋ ತಪ್ಪೋ ಹೇಳಬಲ್ಲವರು ಇಲ್ಲಿ ಯಾರೂ ಇಲ್ಲ. ನಗರಸಭೆಯ ತಪಾಸಣಾ ಪತ್ರದಲ್ಲಿ ಪರೀಕ್ಷಕರ ಜಾಗದಲ್ಲಿ ನಿಮ್ಮ ಹೆಸರು ಬರೆದುಕೊಟ್ಟಿದ್ದೇನೆ, ನಿಮ್ಮನ್ನು ಕೇಳದೆಯೇ. ರಜೆ ಹಾಕಿ ಬನ್ನಿ. ನನ್ನನ್ನು ಫೇಲು ಮಾಡಿದರೂ ಸರಿ, ಬನ್ನಿ ಅಪ್ಪಾ.