ಬೀರುವಿನೊಳಗೆ ವೈಫೈ

ಅಕ್ಕಾ,

ನಾನು ಕೆಲಸಕ್ಕೆ ಹೊರಟೆ. ನೆಟ್ ಬರುತ್ತಿಲ್ಲವೆಂದು ಕಂಪನಿಯವರನ್ನು ಬೈಯಬೇಡ. ನಿನ್ನೆ ತಂದ ಸೋಪುಡಬ್ಬಿಯಷ್ಟಿರುವ ವೈಫೈ ರೌಟರನ್ನು ಅಪ್ಪ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ಯಾಕೆಂದು ಕೇಳಿದರೆ, ಗಂಟಲು ಸರಿಮಾಡಿಕೊಂಡು, "ಬೇಕಾದವರು ಬಂದು ಕೇಳ್ಲಿ!" ಅಂದರು.

ಹಿಂದೆ ಫೋನಿನ ಡಯಲ್ಲಿಗೂ ಹೀಗೇ ಪುಟ್ಟ ಬೀಗ ಹಾಕುತ್ತಿದ್ದರಲ್ಲ? ನೀನು ರಿಸೀವರ್ ಇಡುವ ಗುಂಡಿಯನ್ನೇ ಒಂದೊಂದು ಅಂಕಿಗೂ ಅಷ್ಟಷ್ಟು ಸಲ ಟಕಟಕ ಒತ್ತಿ ಗೆಳತಿಗೆ ಫೋನು ಹಚ್ಚುತ್ತಿದ್ದೆ. ನಾನು ಬಾಗಿಲಾಚೆ ಅಪ್ಪನಂತೆ ಕೆಮ್ಮಿ ನಿನ್ನ ಜೀವ ಬಾಯಿಗೆ ತರಿಸುತ್ತಿದ್ದೆ. ಎಂಥ ದಿನಗಳು!

ಹನ್ನೊಂದಕ್ಕೆ ನಿನ್ನ ವಿಡಿಯೋ ಸಂದರ್ಶನ. ಅಪ್ಪ ವಾಕಿಂಗ್ ಮುಗಿಸಿ ಒಂಬತ್ತಕ್ಕೆ ಬರುತ್ತಾರೆ.
ರೌಟರ್ ಕೈಗೆ ಸಿಕ್ಕಮೇಲೆ ಹಳೆಯ ಫೋನಿನ ಸ್ಟೂಲಿನ ಮೇಲಿಟ್ಟು ಪ್ಲಗ್ ಹಾಕು.
ಗೋಡೆಯ ವೈರನ್ನು ನೀಲಿ ತೂತಿಗೆ ಚುಚ್ಚು. ಹಸಿರು ದೀಪ ಬರುವತನಕ ತಾಳು.
ಪಾಸ್‌ವರ್ಡ್ ಅದರ ಹೊಟ್ಟೆಯಡಿ ಅಂಟಿಸಿದೆ.

ಬೀರುವಿನ ನಕಲಿ ಕೀ ನನ್ನ ಜೇಬಿನಲ್ಲಿದೆ, ಹುಡುಕಬೇಡ. ಅಪ್ಪನನ್ನೇ ಕೇಳು. "ಯಾರ ಜೊತೆ ಮಾತು? ಏನ್ ವಿಷಯ?" ಎಂದು ಅಂದಿನಂತೆಯೇ ವಿಚಾರಿಸುತ್ತಾರೆ. ಈ ಸಲ ನಿಜ ಹೇಳಿಬಿಡು. ಕೆಲಸ ಸಿಗದಿದ್ದರೆ ಅವರಿಗೆ ಬೇಸರವಾದೀತೆಂದು ನೀನು ಸಂದರ್ಶನದ ವಿಷಯ ಮುಚ್ಚಿಟ್ಟಿದ್ದೀಯ, ಗೊತ್ತು. ಆದರೆ ಈಗ ಈ ಮನೆಯಲ್ಲಿ ಅವರನ್ನು ಏನಾದರೂ ಕೇಳುವವರೇ ಇಲ್ಲ.

ಬೀಗ ತೆಗೆಯುವಾಗ ಅವರ ಮುಖ ನೋಡಿಟ್ಟುಕೋ. ಸಂಜೆ ನನಗೆ ಹಾಗೇ ಮಾಡಿ ತೋರಿಸಬೇಕು.

ತಮ್ಮ