ಕೆಬಿರುಂಗಿ ಎದ್ದು ನಿಂತಳು

ಕಬಾಲೆ, ಜೂನ್ ೧೪, ಶುಕ್ರವಾರ

ಮೂರು ವರ್ಷದ ಹಿಂದೆ ನಮ್ಮ ಚರ್ಚಿಗೆ ಬಂದ ಕೆಬಿರುಂಗಿಯನ್ನು ನಂಬಿಕೆಯಲ್ಲಿ ಬೆಳೆಸಿದವಳು ನಾನು. ಪಾಪವನ್ನು ಮುಚ್ಚಿಡಬೇಡ, ಸಭೆಯ ಮುಂದೆ ಎದ್ದು ನಿಂತು ಹೇಳಿಬಿಡು ಎಂದು ಕಲಿಸಿದವಳೂ ನಾನೇ.

ಇವತ್ತು ಎದ್ದು ನಿಂತಳು. ನನ್ನ ಕಡೆಗೇ ತಿರುಗಿದಳು.

“ಅಮ್ಮಾ, ಹೋದ ವರ್ಷ ನನ್ ಮಗು ತೀರ್ಕೊಂಡಾಗ ಅಳಬೇಡ, ಹಾಡು ಅಂದ್ರಿ. ಹಾಡ್ದೆ. ಅವತ್ತಿಂದ ನಿಮ್ಮನ್ನ ಕಂಡ್ರೆ ನಂಗೆ ದ್ವೇಷ. ಅದೇ ನನ್ನ ಪಾಪ.”

ಆಮೇಲೆ, ಯಾರೇ ಪಾಪ ಒಪ್ಪಿಕೊಂಡರೂ ಹಾಡುವ ಆ ಸ್ತುತಿಗೀತೆಯನ್ನು ಹಿಂದಿನ ಬೆಂಚಿನವರು ಶುರುಮಾಡಿದರು. ಅವಳು ನಿಂತಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಎರಡು ಹೆಜ್ಜೆ ಇಟ್ಟಿದ್ದರೆ ತಬ್ಬಿಕೊಳ್ಳಬಹುದಿತ್ತು.

ನಾನು ಚಪ್ಪಾಳೆ ತಟ್ಟುತ್ತಾ ನಾಲ್ಕೂ ಚರಣ ಹಾಡಿ ಮುಗಿಸಿದೆ.